ಕೆಲಸ ಇಲ್ಲದವರ ದುಡ್ಡು: ಹೋಳೂರಿನ ಕೆಲವು ಟಿಪ್ಪಣಿಗಳು

ಹೋಳೂರು ಕೋಲಾರ ತಾಲ್ಲೂಕಿನ ಒಂದು ಹೋಬಳಿ. ಕೋಲಾರ–ಶ್ರೀನಿವಾಸಪುರದ ಬಸ್ಸಿನಿಂದ ಇಲ್ಲಿ ಇಳಿಯುವವರಲ್ಲಿ ಬಹಳ ಜನರ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಒಳಗೆ ಆಧಾರ್ ಜೆರಾಕ್ಸ್, ಪಾಸ್‌ಬುಕ್ಕು, ಎರಡು ಫೋಟೊ. ಪಹಣಿಗೆ ಬಂದವರು, ಪಿಂಚಣಿಗೆ ಬಂದವರು, ಗೃಹಲಕ್ಷ್ಮಿ ಕೇಳಲು ಬಂದವರು. ಕಂಪ್ಯೂಟರ್ ಅಂಗಡಿಯಲ್ಲಿ ಅವರ ನಡುವೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಒಂದು ಪಕ್ಕಕ್ಕೆ ನಿಂತಿರುತ್ತಾರೆ. ತಮ್ಮ ಸರದಿ ಬಂದಾಗ ದನಿ ತಗ್ಗಿಸುತ್ತಾರೆ.

"ಅಣ್ಣಾ, ಯುವನಿಧಿ ದುಡ್ಡು ಬಿತ್ತಾ ನೋಡಣ್ಣ."

ಪಿಂಚಣಿ ಕೇಳುವ ಅಜ್ಜಿ ಇಡೀ ಅಂಗಡಿಗೆ ಕೇಳುವಂತೆ ಗದರುತ್ತಾಳೆ. ಇವರು ಯಾಕೆ ಪಿಸುಗುಡಬೇಕು? ಕೆಲಸ ಸಿಗದಿರುವುದು ಇವರೊಬ್ಬರದೇ ತಪ್ಪು ಎಂದು ಇವರಿಗೆ ಹೇಳಿಕೊಟ್ಟವರು ಯಾರು? ನಾನು ಬರೆದುಕೊಂಡ ಮೊದಲ ಪ್ರಶ್ನೆ ಇದು.

*

ಯುವನಿಧಿ ಯೋಜನೆಯ ಚೌಕಟ್ಟು ಸರಳ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಾಲನೆ ಕೊಟ್ಟರು. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ, ಇಲ್ಲವೇ ಎರಡು ವರ್ಷದವರೆಗೆ. ಮೊದಲು 2022–23ರಲ್ಲಿ ಪಾಸಾದವರಿಗೆ ಕೊಟ್ಟರು, ನಂತರದ ವರ್ಷದವರನ್ನೂ ಸೇರಿಸಿದರು. ಪಾಸಾಗಿ 180 ದಿನ ಕೆಲಸವಿಲ್ಲದೆ ಇದ್ದಿರಬೇಕು. ಮುಂದೆ ಓದುತ್ತಿದ್ದರೆ ಇಲ್ಲ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಿದ್ದರೆ ಇಲ್ಲ.

ಈ 180 ದಿನದ ಬಗ್ಗೆ ಎಷ್ಟು ಯೋಚಿಸಿದರೂ ನನಗೆ ಸಮಾಧಾನವಾಗಿಲ್ಲ. ಓದು ಮುಗಿದ ಮೊದಲ ಆರು ತಿಂಗಳಲ್ಲೇ ಅಲ್ಲವೇ ಹುಡುಗರು ಬೆಂಗಳೂರಿಗೆ ಇಂಟರ್‌ವ್ಯೂಗೆ ಓಡಾಡುವುದು, ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈಚಾಚುವುದು? ದುಡ್ಡು ಅತಿ ಹೆಚ್ಚು ಬೇಕಾದ ಕಾಲವನ್ನು ಹೀಗೆ ಖಾಲಿ ಬಿಟ್ಟಿದ್ದೇಕೆ?

*

ಒಬ್ಬಳು ಬಿ.ಕಾಂ. ಹುಡುಗಿ. ಅವಳ ಪಾಸ್‌ಬುಕ್ ಕೇಳಿ ತೆಗೆದುಕೊಂಡು ನೋಡಿದೆ. ಒಂದು ಪುಟ ಪೂರ್ತಿ ಸಣ್ಣ ಸಣ್ಣ ಮೊತ್ತಗಳು. ಅವುಗಳ ಮಧ್ಯೆ 3,000ದ ಒಂದು ಸಾಲು. ಆಮೇಲೆ ಮೂರು ತಿಂಗಳು ಏನೂ ಇಲ್ಲ. ಮತ್ತೆ ಒಂದೇ ದಿನ ಎರಡು ಸಾಲು, 3,000, 3,000. ಹಾಗಾದರೆ ಮೂರನೆಯದು? ಆ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದಳು.

"ಸ್ಟೇಟಸ್‌ನಲ್ಲಿ ಅಪ್ರೂವ್ ಆಗೈತೆ ಕಣಮ್ಮ. ದುಡ್ಡು ಮೇಲಿಂದ ಬರ್ಬೇಕು," ಎಂದ ಕಂಪ್ಯೂಟರಿನ ಹುಡುಗ.

"ಬ್ಯಾಂಕಲ್ಲಿ ಕೇಳಿದ್ರೆ ಇಲಾಖೆಯೋರ್ನ ಕೇಳು ಅಂತಾರಣ್ಣ."

"ಇಲಾಖೆಯೋರು ಬ್ಯಾಂಕಿಗೆ ಹೋಗು ಅಂತಾರೆ. ನಾನೇನ್ಮಾಡ್ಲಿ ಹೇಳು."

ಇಬ್ಬರ ಮಾತೂ ನಿಜ. ದುಡ್ಡು ಇಲಾಖೆಯಿಂದ ಖಜಾನೆಗೆ, ಖಜಾನೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಗೆ, ಅಲ್ಲಿಂದ ಬ್ಯಾಂಕಿಗೆ ಬರುತ್ತದೆ. ಎಲ್ಲಿ ನಿಂತಿದೆ ಎಂದು ಹೇಳುವ ಮನುಷ್ಯನೊಬ್ಬ ಆ ದಾರಿಯಲ್ಲಿ ಹೋಳೂರಿನವರೆಗೆ ಸಿಗುವುದಿಲ್ಲ. ತಡವಾಗುವುದನ್ನು ಬಡವರು ಸಹಿಸುತ್ತಾರೆ. ಹಾಲಿನ ಡೇರಿಯಲ್ಲೂ ಬಟವಾಡೆ ಒಮ್ಮೊಮ್ಮೆ ತಡವಾಗುತ್ತದೆ. ಆದರೆ ಡೇರಿ ಕಾರ್ಯದರ್ಶಿ ಮನೆಯ ಹತ್ತಿರವೇ ಸಿಗುತ್ತಾನೆ, ಯಾವಾಗ, ಏಕೆ ಎಂದು ಹೇಳುತ್ತಾನೆ. ಆ ಹುಡುಗಿಗೆ ಬೇಕಾದದ್ದು ಅಷ್ಟೇ. ಒಂದು ತಾರೀಕು, ಒಂದು ಕಾರಣ.

*

ಕಾಣದ ಒಂದು ಕಾರಣ ಕೊನೆಗೆ ಸಿಕ್ಕಿತು, ಬೇರೊಬ್ಬನ ವಿಷಯದಲ್ಲಿ.

ಡಿಪ್ಲೊಮಾ ಹುಡುಗ. ಅವನ ಖಾತೆಗೆ ಹಲವು ತಿಂಗಳಿಂದ ಬಿದ್ದಿಲ್ಲ. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ನೋಡಿದರೆ ದುಡ್ಡು ಹೋಗಿದೆ! ಎಲ್ಲಿಗೆ? ಒಂದು ಕಾರ್ಖಾನೆಗೆ ಸೇರಲು ಹೋದಾಗ ಏಜೆನ್ಸಿಯವರು ಸಂಬಳಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿ, ಆಧಾರ್ ಜೋಡಿಸಿದ್ದರು. ಆ ಕೆಲಸ ಕೈಗೂಡಲಿಲ್ಲ. ಆದರೆ ಸರ್ಕಾರದ ದುಡ್ಡು ಪಾಸ್‌ಬುಕ್ಕಿನ ನಂಬರು ನೋಡಿ ಬರುವುದಿಲ್ಲ. ಎನ್‌ಪಿಸಿಐ ಮ್ಯಾಪಿಂಗಿನಲ್ಲಿ ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಅವನು ಮರೆತೇಬಿಟ್ಟಿದ್ದ ಖಾತೆಯಲ್ಲಿ 1,500, 1,500 ಎಂದು ಕೂತಿತ್ತು.

ಇದು ಪತ್ತೆಯಾದಾಗ ಆ ಹುಡುಗನ ಮುಖ ನೋಡಬೇಕಿತ್ತು. ಅಂಗಡಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಮ್ಯಾಪಿಂಗ್ ನೋಡಿಸಲು ಮುಗಿಬಿದ್ದರು. ದುಡ್ಡು ಬಂದಿಲ್ಲ ಎನ್ನುವ ಯಾರೇ ಆದರೂ ಮೊದಲು ನೋಡಬೇಕಾದದ್ದು ಇದನ್ನೇ. ಬ್ಯಾಂಕಿನ ಗೋಡೆಗೆ ಇಷ್ಟನ್ನು ಕನ್ನಡದಲ್ಲಿ ಬರೆದು ಅಂಟಿಸಲು ಎಷ್ಟು ಖರ್ಚಾಗುತ್ತದೆ?

*

ಯುವನಿಧಿಗೆ ಸ್ವಯಂ ಘೋಷಣೆಯೂ ಬೇಕು. "ನಾನು ಉದ್ಯೋಗದಲ್ಲಿಲ್ಲ, ಉನ್ನತ ವ್ಯಾಸಂಗ ಮಾಡುತ್ತಿಲ್ಲ" ಎಂದು ಫಲಾನುಭವಿ ಸೇವಾ ಸಿಂಧುವಿನಲ್ಲಿ ಹೇಳಿಕೊಳ್ಳಬೇಕು. ಮೊದಲು ತಿಂಗಳಿಗೊಮ್ಮೆ ಇತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಸಾಕೆಂದರು. ಒಳ್ಳೆಯದೇ ಆಯಿತು. ಗಡುವು ತಪ್ಪಿದರೆ ದುಡ್ಡು ನಿಲ್ಲುತ್ತದೆ. ಸುಳ್ಳು ಹೇಳಿದರೆ ಪಡೆದದ್ದನ್ನು ವಾಪಸು ಕಟ್ಟಬೇಕು, ಕ್ರಮವನ್ನೂ ಎದುರಿಸಬೇಕು.

ಅದೇ ಬಿ.ಕಾಂ. ಹುಡುಗಿ ನನ್ನನ್ನು ಕೇಳಿದಳು: "ಸಾರ್, ಟೊಮೆಟೊ ಬಿಡಿಸೋಕೆ ಹೋಗ್ತೀನಿ, ವಾರದಲ್ಲಿ ಎರಡು ಮೂರು ದಿನ. ಕೂಲಿ ಕೊಡ್ತಾರೆ. ಹಂಗಾದ್ರೆ ನಾನು ಕೆಲಸದಲ್ಲಿ ಇದ್ದಂಗಾ?"

ಈ ಪ್ರಶ್ನೆಗೆ ನಾನು ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಕೋಲಾರದ ಸೀಮೆಯಲ್ಲಿ ಸುಮ್ಮನೆ ಕೂರುವ ಮನೆ ಎಲ್ಲಿದೆ? ಟೊಮೆಟೊ ಇದ್ದರೆ ಕ್ರೇಟ್ ತುಂಬಿಸಬೇಕು, ಹಿಪ್ಪುನೇರಳೆ ಇದ್ದರೆ ಸೊಪ್ಪು ಕೊಯ್ಯಬೇಕು, ಶ್ರೀನಿವಾಸಪುರದ ಕಡೆ ಮಾವಿನ ಕಾಲ ಬಂದರೆ ಮಂಡಿಯಲ್ಲಿ ಕಾಯಿ ಆರಿಸಬೇಕು. ಪದವಿ ಪಡೆದವಳು ಹೊಲದಲ್ಲಿ ಬಾಗಿ ದುಡಿದದ್ದು ಸರ್ಕಾರಿ ಹಾಳೆಯ ಯಾವ ಕಾಲಮ್ಮಿಗೂ ಕೂರುವುದಿಲ್ಲ. ಅವಳಿಗೆ ಇರುವುದು ಹೌದು, ಇಲ್ಲ ಎಂಬ ಎರಡೇ ಉತ್ತರ. ಇಲ್ಲ ಎಂದು ಒತ್ತುವಾಗ ಅವಳ ಬೆರಳು ಹೆದರುತ್ತದೆ. ಪ್ರಾಮಾಣಿಕಳಾದ ಹುಡುಗಿ ಮೂರು ತಿಂಗಳಿಗೊಮ್ಮೆ ಹೀಗೆ ಹೆದರಬಾರದು. ಹೊಟ್ಟೆಪಾಡಿನ ದಿನಗೂಲಿ ಉದ್ಯೋಗವಲ್ಲ ಎಂದು ಅರ್ಜಿಯ ಕೆಳಗೆ ಸ್ಪಷ್ಟವಾಗಿ ಒಂದು ಸಾಲು ಹಾಕಿ ಅವಳ ಹೆದರಿಕೆ ಬಿಡಿಸಬೇಕು.

*

ಎರಡು ವರ್ಷ ಅಂದರೆ ಪದವೀಧರರಿಗೆ 72,000, ಡಿಪ್ಲೊಮಾದವರಿಗೆ 36,000. ಮೊದಲು ನೋಂದಾಯಿಸಿದವರ ಅವಧಿ 2026ರ ಆರಂಭಕ್ಕೆ ಮುಗಿಯುವ ಲೆಕ್ಕ.

ಅವಧಿ ಮುಗಿದವನೊಬ್ಬ ಕೇಳಿದ್ದು: "ಎರಡು ವರ್ಷ ಅಂದ್ರೆ ಕ್ಯಾಲೆಂಡರಿನ ಎರಡು ವರ್ಷನಾ, ಇಪ್ಪತ್ನಾಲ್ಕು ಕಂತಾ? ಮಧ್ಯೆ ನಿಂತು ಹೋದವು ಲೆಕ್ಕಕ್ಕೆ ಬರ್ತವಾ?" ಕೌಂಟರಿನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಆ 3,000ದಲ್ಲಿ ಒಂದು ಚೀಟಿ ಕಟ್ಟುತ್ತಿದ್ದರು. ಚೀಟಿ ಇನ್ನೂ ಮುಗಿದಿಲ್ಲ, ದುಡ್ಡು ಮುಗಿದಿದೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನಿರುದ್ಯೋಗ ಭತ್ಯೆ ಹೆಚ್ಚೆಂದರೆ 26 ವಾರ. ನಮ್ಮ ಎರಡು ವರ್ಷ ಅದಕ್ಕಿಂತ ಉದ್ದವೇ. ಆದರೆ ಅಲ್ಲಿ ಕೆಲಸಗಳೇ ಇಲ್ಲದಂತಾದಾಗ, 2008ರ ಕುಸಿತದಲ್ಲಿ, 2020ರ ಕೋವಿಡ್ ಕಾಲದಲ್ಲಿ, ಕಾನೂನು ಮಾಡಿ ಅವಧಿ ಮುಂದೂಡಿದರು. ಮುಗಿಯುವ ತಾರೀಕು ಕೆಲಸದ ಮಾರುಕಟ್ಟೆಯನ್ನು ನೋಡಿ ನಿರ್ಧಾರವಾಗಬೇಕು ಎಂಬ ಅರಿವು ಅದರಲ್ಲಿದೆ. ಇಲ್ಲಿ ಯುವನಿಧಿ ಪ್ಲಸ್ ಹೆಸರಿನಲ್ಲಿ ಉಚಿತ ಕೌಶಲ ತರಬೇತಿ ಉಂಟು. ದುಡ್ಡು ಕೊಡುವಾಗಲೇ, ಮೊದಲ ತಿಂಗಳಲ್ಲೇ, ತರಬೇತಿಗೆ ಕೈಹಿಡಿದು ಕರೆದೊಯ್ದಿದ್ದರೆ ಎರಡು ವರ್ಷದ ಕೊನೆಗೆ ಆ ಹುಡುಗ ಇನ್ನೊಂದು ಕಡೆ ನಿಂತಿರುತ್ತಿದ್ದ.

*

ಈ ಟಿಪ್ಪಣಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇನ್ನು ಮುಂದಿನದು.

ಹೋಬಳಿಯ ಹಳ್ಳಿಗಳಿಂದ ಕಂಪನಿ ಬಸ್ಸು ಹತ್ತುವವರು ನೂರಾರು ಜನ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಹೋಗುತ್ತಾರೆ. ಬಹುಪಾಲು ಗುತ್ತಿಗೆ ಏಜೆನ್ಸಿಯ ಮೂಲಕ ಸೇರಿದವರು. ಆರ್ಡರ್ ಕಡಿಮೆಯಾದರೆ "ನಾಳೆಯಿಂದ ಬರಬೇಡಿ" ಎಂದು ಫೋನಿನಲ್ಲಿ ಹೇಳಿಬಿಡುತ್ತಾರೆ. 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾದಾಗ ಈ ಗುತ್ತಿಗೆ ದುಡಿಮೆಯ ಕಷ್ಟ ದೇಶಕ್ಕೆಲ್ಲ ಗೊತ್ತಾಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು. ಗುತ್ತಿಗೆ ದುಡಿಮೆ ಮಾತ್ರ ಈ ಭಾಗದಿಂದ ಹೋಗಿಲ್ಲ.

ಹೀಗೆ ಕೆಲಸ ಕಳೆದುಕೊಂಡ ಐಟಿಐ ಹುಡುಗನೊಬ್ಬನ ಸಂಬಳದ ಚೀಟಿ ನೋಡಿದೆ. ಸಂಬಳ 15,000. ಕಡಿತದ ಕಾಲಮ್ಮಿನಲ್ಲಿ ಇಎಸ್‌ಐ: 113. ಪ್ರತಿ ತಿಂಗಳೂ 113. ಅದು ಶೇ 0.75ರ ವಂತಿಗೆ. ಮಾಲೀಕರು ಅದಕ್ಕೆ ಶೇ 3.25 ಸೇರಿಸಿ ಕಟ್ಟುತ್ತಾರೆ.

"ಇದು ಏನಕ್ಕೆ ಹಿಡಿತಾರೆ ಗೊತ್ತೇನಪ್ಪ?"

"ಆಸ್ಪತ್ರೆಗೆ ಅಂತೆ ಸಾರ್. ನಾನೇನು ಒಂದ್ಸಲಾನೂ ಹೋಗಿಲ್ಲ."

ಆಸ್ಪತ್ರೆಗೆ ಹೌದು. ಆದರೆ ಅದೇ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ನಿಗಮದಲ್ಲಿ, ಕೆಲಸ ಹೋದವರಿಗೂ ದುಡ್ಡಿದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, 2018ರ ಜುಲೈ 1ರಿಂದ. ಮೊದಲು ಸರಾಸರಿ ದಿನಗೂಲಿಯ ಶೇ 25 ಇತ್ತು. ಕೋವಿಡ್ ಬಂದಾಗ, 2020ರ ಮಾರ್ಚ್ 24ರಿಂದ, ಶೇ 50 ಮಾಡಿದರು. ಜೀವನದಲ್ಲಿ ಒಂದು ಸಲ, ಹೆಚ್ಚೆಂದರೆ 90 ದಿನಕ್ಕೆ. 15,000 ಸಂಬಳದವನಿಗೆ ಒಟ್ಟು ಸುಮಾರು 22,500 ರೂಪಾಯಿ. ಕೆಲಸ ಹೋದ 30 ದಿನದ ಮೇಲೆ ಕೇಳಬಹುದು. ಅರ್ಜಿಗೆ ಮಾಲೀಕನ ಸಹಿಗಾಗಿ ಕಾಯಬೇಕಿಲ್ಲ, ಕಾರ್ಮಿಕನೇ ನೇರವಾಗಿ ಕೊಡಬಹುದು ಎಂದು 2020ರಲ್ಲೇ ಬದಲಿಸಿದ್ದಾರೆ.

ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಕಂಪ್ಯೂಟರಿನ ಹುಡುಗನೂ ಕೇಳಿರಲಿಲ್ಲ. ಯುವನಿಧಿ ಗೊತ್ತಿಲ್ಲದವರು ಹೋಳೂರಿನಲ್ಲಿ ಒಬ್ಬರೂ ಇಲ್ಲ. ತಮ್ಮದೇ ಸಂಬಳದಿಂದ ವಂತಿಗೆ ಹಿಡಿದ ನಿಧಿಯ ಈ ಹಕ್ಕು ಗೊತ್ತಿರುವವರು ನನಗೆ ಸಿಗಲಿಲ್ಲ. ಒಂದಕ್ಕೆ ಫ್ಲೆಕ್ಸ್ ಇತ್ತು, ವೇದಿಕೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕಾರಣ ಅಷ್ಟೇನಾ? ಗುತ್ತಿಗೆದಾರನಿಗೆ ಹೇಳುವ ಕಾಳಜಿಯಿಲ್ಲ, ಕಂಪನಿಗೆ ಇವನು ತನ್ನ ಕೆಲಸಗಾರನೇ ಅಲ್ಲ, ಸಂಘ ಕಟ್ಟಲು ಇವನು ಒಂದು ಕಡೆ ನಿಲ್ಲುವುದಿಲ್ಲ. ಹೇಳುವ ಬಾಯಿಯೇ ಇಲ್ಲದಂತಾಗಿದೆ ಎಂದು ನನಗನ್ನಿಸುತ್ತದೆ.

*

ಇಲ್ಲೂ ತೊಡಕುಗಳಿವೆ. ತಾವಾಗಿ ಕೆಲಸ ಬಿಟ್ಟವರಿಗೆ, ದುರ್ನಡತೆಗೆ ತೆಗೆಯಲ್ಪಟ್ಟವರಿಗೆ, ನಿವೃತ್ತರಿಗೆ ಇದು ಸಿಗದು. ಆ ಐಟಿಐ ಹುಡುಗನಿಂದ ಬಾಕಿ ಸಂಬಳ ಕೊಡುವಾಗ ಒಂದು ಇಂಗ್ಲಿಷ್ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರಂತೆ. ಫೋನಿನಲ್ಲಿದ್ದ ಅದರ ಫೋಟೊ ತೋರಿಸಿದ. ವೈಯಕ್ತಿಕ ಕಾರಣಗಳಿಗಾಗಿ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಬರಬೇಡ ಎಂದವರು ಅವರು, ಬಿಟ್ಟೆ ಎಂದು ಬರೆದುಕೊಟ್ಟವನು ಇವನು. ಆ ಒಂದು ಸಹಿಯಲ್ಲಿ 22,500 ಹೋಯಿತು. ಓದಿ ನೋಡಲು ಅವನಿಗೆ ಯಾರೂ ಸಮಯ ಕೊಡಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

ಇನ್ನೊಂದು: ಇಎಸ್‌ಐ ವಿಮಾ ಸಂಖ್ಯೆ ಹತ್ತು ಅಂಕಿಯದು, ಜೀವನಕ್ಕೆ ಒಂದೇ. ಏಜೆನ್ಸಿ ಬದಲಾದಾಗ ಹಳೆಯದನ್ನು ಕೊಡದೆ ಹೊಸದು ಮಾಡಿಸಿಕೊಂಡವರ ಕಟ್ಟಿದ ದಿನಗಳು ಎರಡು ಕಡೆ ಹಂಚಿಹೋಗುತ್ತವೆ. ಕೆಲಸ ಹೋಗುವ ಮೊದಲಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ಕಟ್ಟಿರಬೇಕೆಂಬ ನಿಯಮದ ಮುಂದೆ ಹೀಗೆ ಹಂಚಿಹೋದ ದಿನಗಳು ಕೊರತೆಯಾಗಿ ಕಾಣುತ್ತವೆ.

*

ಓದಿಲ್ಲದವರಿಗೂ ನಿರುದ್ಯೋಗ ಭತ್ಯೆ ಇತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯ 7ನೇ ಕಲಮಿನಲ್ಲಿ. ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಆದರೆ ಕೇಳಿದ್ದಕ್ಕೆ ದಿನಾಂಕ ಹಾಕಿದ ರಸೀದಿ ಬೇಕಿತ್ತು. ನಾನು ಮಾತಾಡಿಸಿದ ಹೆಂಗಸರಲ್ಲಿ ರಸೀದಿ ಯಾರ ಹತ್ತಿರವೂ ಇರಲಿಲ್ಲ. "ಬಾಯಲ್ಲಿ ಕೇಳಿದ್ವಿ, ಬಾಯಲ್ಲೇ ಆಯ್ತು ಅಂದ್ರು," ಎಂದರು.

*

ಇದನ್ನು ಓದುವವರಲ್ಲಿ ಕಾರ್ಖಾನೆಗೆ ಹೋಗುವ ಮಕ್ಕಳಿದ್ದವರಿಗೆ ಒಂದು ಮಾತು. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ. ಇದ್ದರೆ ವಿಮಾ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡಿ, ಕೆಲಸ ಬದಲಿಸಿದಾಗ ಅದನ್ನೇ ಕೊಡಿ. ಕೆಲಸದಿಂದ ತೆಗೆದರೆ ತೆಗೆದಿದ್ದೇವೆ ಎಂದೇ ಬರೆಸಿಕೊಳ್ಳಿ. ಅರ್ಥವಾಗದ ಹಾಳೆಗೆ ಸಹಿ ಹಾಕಬೇಡಿ. ಅಟಲ್ ಯೋಜನೆಯನ್ನು ಅವಧಿ ಮುಗಿದಾಗೆಲ್ಲ ವಿಸ್ತರಿಸುತ್ತ ಬಂದಿದ್ದಾರೆ, ಆದ್ದರಿಂದ ಈಗಿನ ನಿಯಮ ಏನೆಂದು ಇಎಸ್‌ಐ ಶಾಖಾ ಕಚೇರಿಯಲ್ಲೇ ಕೇಳಿ, ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆದುಕೊಳ್ಳಿ.