ಶುಭಾಶಯಪತ್ರಕ್ಕೊಂದು ಅಂಕಿತ

ಗುರುತನ್ನು ಹೇಳುವ ಶಬ್ದಗಳಿಗೆ ಸಂಸ್ಕೃತದಲ್ಲಿ ಬಡತನವಿಲ್ಲ. ಅಂಕ, ಚಿಹ್ನ, ಲಕ್ಷ್ಮ, ಲಾಂಛನ, ಮುದ್ರಾ, ಅಭಿಜ್ಞಾನ ಎಂದು ಎಣಿಸುತ್ತ ಹೋಗಬಹುದು. ಇವುಗಳಲ್ಲಿ ಲಾಂಛನವೆಂಬುದು ಅರಸರ ಧ್ವಜದ ಮೇಲಿನ ಚಿಹ್ನೆಗೂ ಸಲ್ಲುವುದು, ಚಂದ್ರಬಿಂಬದ ನಡುವಣ ಕಪ್ಪಿಗೂ ಸಲ್ಲುವುದು. ತಕ್ಕ ಸ್ಥಳದಲ್ಲಿ ಬಿದ್ದ ಗುರುತು ಶೋಭೆ, ತಗದ ಸ್ಥಳದಲ್ಲಿ ಬಿದ್ದುದು ಕಲೆ. ಮಕ್ಕಳಿಗೆ ಈ ಮಾತನ್ನು ನಾವು ಮೂವತ್ತು ವರ್ಷಕ್ಕೂ ಮಿಗಿಲಾಗಿ ಹೇಳಿಕೊಟ್ಟೆವಾದರೂ ಅದರ ರುಚಿ ತಿಳಿದದ್ದು ಬೆರಳಿಗೆ ಮಸಿ ಹತ್ತಿದ ಮೇಲೆಯೇ. ನಮ್ಮ ಮನೆಯಲ್ಲಿ ಕೈಯಿಂದ ತಯಾರಾಗುವ ಶುಭಾಶಯಪತ್ರಗಳಿಗೆ ಒಂದು ಅಂಕಿತವನ್ನು ಕಲ್ಪಿಸುವ ಕಾರ್ಯವು ಕಳೆದ ಮಳೆಗಾಲದಲ್ಲಿ ಒದಗಿಬಂದಿತು. ವಾಚಕರಲ್ಲಿ ಇಂತಹ ಕೈಕೆಲಸದ ಆಸಕ್ತಿಯುಳ್ಳವರು ಅನೇಕರಿರಬಹುದೆಂದು ನಂಬಿ ಅದರ ವೃತ್ತಾಂತವನ್ನು ಇಲ್ಲಿ ನಿವೇದಿಸುವೆವು.

ನಮ್ಮ ಬಾಲ್ಯದಲ್ಲಿ ಸಂಕ್ರಾಂತಿ ಹತ್ತಿರ ಬಂದಿತೆಂದರೆ ಅಂಗಡಿಬೀದಿಯಲ್ಲಿ ಬಣ್ಣಬಣ್ಣದ ಶುಭಾಶಯಪತ್ರಗಳನ್ನು ದಾರಕ್ಕೆ ತೂಗುಹಾಕಿ ಮಾರುತ್ತಿದ್ದರು. ಲಕೋಟೆಯ ಬಾಯಿಯನ್ನು ಅಂಟಿಸದೆ, ಮೇಲೆ ಬುಕ್‌ಪೋಸ್ಟ್ ಎಂದು ಬರೆದು, ಕಡಿಮೆ ಅಂಚೆವೆಚ್ಚದಲ್ಲಿ ಸ್ನೇಹಿತರಿಗೆ ಕಳುಹಿಸುವುದು ಹುಡುಗರಿಗೆ ದೊಡ್ಡ ಸಂಭ್ರಮವಾಗಿದ್ದಿತು. ದೂರವಾಣಿಯ ಸಂದೇಶಗಳು ಬಂದ ಮೇಲೆ ಆ ಪದ್ಧತಿಯು ಬಹುಮಟ್ಟಿಗೆ ಮರೆಯಾಯಿತು. ನಮ್ಮ ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ. ಕಾಗದವನ್ನು ಕತ್ತರಿಸಿ ಮಡಿಸುವುದು, ಒಳಗೆ ನಾಲ್ಕು ಸಾಲಿನ ಹಾರೈಕೆಯನ್ನು ರಚಿಸಿ ಬರೆಯುವುದು ನಮ್ಮ ಪಾಲಿನ ಕೆಲಸ. ಮೇಲುಮುಖದ ಕೆಲಸವು ನಮ್ಮ ಸಹಧರ್ಮಿಣಿಯದು. ಕಾವಿಬಣ್ಣದ ದಪ್ಪ ಕಾಗದದ ಮೇಲೆ ಆಕೆ ಚುಕ್ಕಿಯಿಟ್ಟು, ಸಣ್ಣ ಕುಂಚದಿಂದ ಬಿಳಿಯ ಎಳೆಯನ್ನು ಎಳೆಯುವಳು. ಒಂದು ಪತ್ರದ ರಂಗೋಲಿ ಇನ್ನೊಂದರಲ್ಲಿ ಇರುವುದಿಲ್ಲ. ವರ್ಷಕ್ಕೆ ಅರುವತ್ತು ಪತ್ರಗಳಾದರೂ ಹೊರಡುವುವು. ಊರಿನಲ್ಲಿ ಅವುಗಳಿಗೆ ‘ಮೇಷ್ಟರ ಕಾರ್ಡು’ ಎಂದೇ ಹೆಸರು. ಚಿತ್ರ ಬರೆದ ಕೈ ಮೇಷ್ಟರದಲ್ಲವೆಂದು ನಾವು ಹೇಳಿದಾಗಲೆಲ್ಲ ಜನರು ನಕ್ಕು, ‘ಅಮ್ಮನವರ ಸಹಾಯವೂ ಇರಬೇಕಲ್ಲ’ ಎನ್ನುವರು!

ಎರಡು ವರ್ಷಗಳ ಕೆಳಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ಒಂದು ಕಾಗದ ಬಂದಿತು. ಅವರ ತಾಯಿಯವರು ತೀರಿಕೊಂಡಿದ್ದರು. ಆಕೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಒಂಬತ್ತು ಶುಭಾಶಯಪತ್ರಗಳು ದೊರೆತುವಂತೆ. ನಮ್ಮ ವಿಳಾಸವಿದ್ದ ಲಕೋಟೆಗಳು ಎಂದೋ ಹೋಗಿದ್ದುವು. ಪತ್ರಗಳ ಬೆನ್ನು ಬರಿದಾಗಿದ್ದಿತು. ಮನೆಯ ಮಕ್ಕಳು ಅವು ಅಂಗಡಿಯವೆಂದು ಭಾವಿಸಿ ರದ್ದಿಗೆ ಹಾಕುವುದರಲ್ಲಿದ್ದರು. ‘ನಿಮ್ಮ ಅಕ್ಷರವನ್ನು ನಾನು ಗುರುತಿಸಲಿಲ್ಲ, ಸಾರ್, ಕ್ಷಮಿಸಬೇಕು. ಅಮ್ಮನವರ ಎಳೆಯನ್ನು ಕಂಡ ಕೂಡಲೇ ತಿಳಿಯಿತು. ಪಾಠಕ್ಕೆ ಬರುತ್ತಿದ್ದಾಗ ನಿಮ್ಮ ಹೊಸಿಲ ಮುಂದೆ ಅದನ್ನು ತುಳಿಯದ ಹಾಗೆ ದಾಟಿ ಬರುತ್ತಿದ್ದೆನಲ್ಲ’ ಎಂದು ಅವರು ಬರೆದಿದ್ದರು.

ಆ ಕಾಗದವನ್ನು ನಾವು ಆಕೆಗೆ ಎರಡು ಸಲ ಓದಿ ಹೇಳಿದೆವು. ಇನ್ನು ಮುಂದೆ ಪತ್ರದ ಬೆನ್ನಿನ ಮೇಲೆ ಒಂದು ಗುರುತು ಇರತಕ್ಕದ್ದೆಂದೂ, ಅದರಲ್ಲಿ ಆಕೆಯ ಹೆಸರು ಬರತಕ್ಕದ್ದೆಂದೂ ಸೂಚಿಸಿದೆವು. ಆಕೆ ಒಪ್ಪಲಿಲ್ಲ.

‘ರಂಗೋಲಿಗೆ ಯಾರಾದರೂ ರುಜು ಹಾಕುವುದುಂಟೆ? ಬೆಳಗ್ಗೆ ಹಾಕಿದ್ದು ಬಿಸಿಲೇರುವ ಹೊತ್ತಿಗೆ ತುಳಿದುಹೋಗುತ್ತದೆ. ಹಾಕಲೇಬೇಕಾದರೆ ನಿಮ್ಮ ಹೆಸರು ಹಾಕಿಕೊಳ್ಳಿ’ ಎಂದಳು.

‘ಟ್ರಂಕಿನಲ್ಲಿದ್ದದ್ದು ತುಳಿದುಹೋಗಲಿಲ್ಲವಲ್ಲ’ ಎಂದೆವು. ಅದಕ್ಕೆ ಆಕೆ ಉತ್ತರ ಕೊಡದೆ ಒಳಗೆ ಹೋದಳು. ಮಾತು ಅಲ್ಲಿಗೇ ನಿಂತು ವರ್ಷವೊಂದು ಕಳೆಯಿತು.

ಈ ವಿರಾಮದಲ್ಲಿ ನಮ್ಮ ಮನಸ್ಸು ಹಿಂದಿನವರ ಗುರುತುಗಳ ಕಡೆಗೆ ಓಡಿತು. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿರುವರು. ಸೋಮನಾಥಪುರದಲ್ಲಿ, ಕೇಶವಾಲಯದ ಮೂರ್ತಿಗಳ ಕೆಳಗೆ, ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುವುದು. ದೇಗುಲವನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿದ್ದರೆ ಕಡೆದವನ ಹೆಸರು ಕಡೆದ ಕಲ್ಲಿನಲ್ಲಿಯೇ ಇದೆ. ಇದು ನ್ಯಾಯವಾದ ಏರ್ಪಾಡು. ಜರ್ಮನಿಯ ಚಿತ್ರಕಾರ ಡ್ಯೂರರನು (1471–1528) ತನ್ನ ಹೆಸರಿನ ಎರಡು ಆದ್ಯಕ್ಷರಗಳಲ್ಲಿ ದೊಡ್ಡದರ ಕಾಲುಗಳ ನಡುವೆ ಚಿಕ್ಕದನ್ನು ಕೂರಿಸಿ ತನ್ನ ಮುದ್ರೆಯನ್ನು ಮಾಡಿಕೊಂಡಿದ್ದನು. ಮಾರ್ಕಂಟೋನಿಯೋ ಎಂಬ ಇಟಲಿಯವನು ಆ ಚಿತ್ರಗಳನ್ನು ಮುದ್ರೆಯ ಸಮೇತ ನಕಲು ಮಾಡಿ ಮಾರಿದನು. ಡ್ಯೂರರನು ವೆನಿಸ್ಸಿಗೆ ಹೋಗಿ ದೂರಿತ್ತಾಗ ಮುದ್ರೆಯನ್ನು ಮಾತ್ರ ಬಳಸಕೂಡದೆಂಬ ಆಜ್ಞೆ ದೊರೆಯಿತೆಂದು ವಸಾರಿಯು ಬರೆದಿರುವನು. ಚಿತ್ರವನ್ನು ಕದಿಯಬಹುದು, ಗುರುತನ್ನು ಕದಿಯಕೂಡದು! ಈಗಿನ ಕಾಲದಲ್ಲಿ ಹಾಗಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾನೂನಿನಂತೆ ಚಿತ್ರದ ಹಕ್ಕು ಚಿತ್ರವು ಹುಟ್ಟಿದಾಗಲೇ ಹುಟ್ಟುವುದು. ಅದಕ್ಕೆ ಗುರುತೂ ಬೇಡ, ನೋಂದಣಿಯೂ ಬೇಡ. ಆದಕಾರಣ ನಮಗೆ ಬೇಕಾಗಿದ್ದ ಅಂಕಿತವು ಹಕ್ಕಿಗಾಗಿ ಅಲ್ಲ. ಎಂದೋ ಯಾರೋ ಟ್ರಂಕನ್ನು ತೆರೆದಾಗ, ಇದನ್ನು ಇಂಥವರು ಕುಳಿತು ಮಾಡಿದರು ಎಂದು ತಿಳಿಯಲಿ ಎಂಬಷ್ಟಕ್ಕೆ.

ಇನ್ನೊಂದು ದಾರಿಯೂ ನಮ್ಮವರಲ್ಲಿ ಇದ್ದಿತು. ಅದೇ ನಮ್ಮ ತೊಡಕನ್ನು ಬಿಡಿಸಿತು. ವಚನಕಾರರು ತಮ್ಮ ಮಾತಿಗೆ ಅಂಕಿತವನ್ನು ಇಟ್ಟರು. ಆದರೆ ಅವರಲ್ಲಿ ಹೆಚ್ಚಿನವರು ಸ್ವಂತ ಹೆಸರನ್ನು ಇಡಲಿಲ್ಲ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ ನಮಗೆ ನೆನಪಾಗುವರು. ದಾಸರ ಪರಂಪರೆಯಲ್ಲಿಯಂತೂ ಅಂಕಿತವನ್ನು ಗುರುಗಳಿಂದ ಪಡೆಯುವುದೇ ಸಂಪ್ರದಾಯ. ವಿಜಯನಗರದ ಅರಸರು ಸಂಸ್ಕೃತದ ತಾಮ್ರಶಾಸನಗಳ ಕೊನೆಯಲ್ಲಿ ತಮ್ಮ ಹೆಸರಿಗೆ ಬದಲಾಗಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಲಿಪಿಯಲ್ಲಿ ಒಪ್ಪವಿಡುತ್ತಿದ್ದರು. ಇಷ್ಟೇಕೆ, ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬ ಮಹನೀಯನು ಹಾರ್ಸ್‌ಲಿಯಿಂದ ಚಿತ್ರ ಬರೆಸಿ ಅಚ್ಚುಹಾಕಿಸಿದ, ಕ್ರಿಸ್ಮಸ್ ಹಬ್ಬದ ಮೊದಲ ಶುಭಾಶಯಪತ್ರದ ಮೇಲೆ ಪ್ರಕಾಶಕರೆಂದು ಇರುವುದು ಸಮ್ಮರ್ಲಿ ಎಂಬ ಹೆಸರು. ಅದು ಕೋಲನು ತನಗೆ ತಾನೇ ಇಟ್ಟುಕೊಂಡಿದ್ದ ಕಲ್ಪಿತನಾಮ.

ಹೆಸರಿಲ್ಲದೆಯೂ ಅಂಕಿತವು ಸಾಧ್ಯವೆಂದು ಹೇಳಿದಾಗ ಸಹಧರ್ಮಿಣಿಯು, ‘ಹಾಗಾದರೆ ನೋಡೋಣ’ ಎಂದಳು. ನಮ್ಮ ಮನೆಯ ಭಾಷೆಯಲ್ಲಿ ಅದು ಸಮ್ಮತಿಯೇ ಸರಿ.

ಮೊದಲು ನಾವು ಅಕ್ಷರಗಳನ್ನು ಪರೀಕ್ಷಿಸಿದೆವು. ಇಬ್ಬರ ಆದ್ಯಕ್ಷರಗಳನ್ನು ಒಂದರ ಕೆಳಗೊಂದು ಒತ್ತಕ್ಷರದಂತೆ ಕೂಡಿಸುವುದು ಕಾಗದದ ಮೇಲೆ ಚೆಲುವಾಗಿಯೇ ಕಂಡಿತು. ಆದರೆ ಯಾರ ಅಕ್ಷರವು ಮೇಲೆ, ಯಾರದು ಕೆಳಗೆ? ವ್ಯಾಕರಣದಲ್ಲಿ ಇದಕ್ಕೆ ಉತ್ತರವಿಲ್ಲ. ಮೇಲಾಗಿ ಅಂಕಿತವು ಅರ್ಧ ಅಂಗುಲವನ್ನು ಮೀರಕೂಡದು. ಮೀರಿದರೆ ಪತ್ರವು ಕಚೇರಿಯ ಕಾಗದದಂತೆ ಕಾಣುವುದು. ಅಷ್ಟು ಚಿಕ್ಕ ಎಡೆಯಲ್ಲಿ ಕನ್ನಡದ ಒತ್ತಕ್ಷರದ ಒಳಗುಣಿಗಳೆಲ್ಲ ಮಸಿಯಿಂದ ಮುಚ್ಚಿಹೋಗುವುವು. ಮೊಮ್ಮಗಳು ನವಿಲನ್ನು ಸೂಚಿಸಿದಳು. ನವಿಲು ಎಲ್ಲರ ಮನೆಯಲ್ಲಿಯೂ ಇದೆ. ದೀಪವೂ ಹಾಗೆಯೇ, ಕಮಲವೂ ಹಾಗೆಯೇ.

ಕೊನೆಗೆ ಆಕೆಯೇ ಒಂದು ಸಂಜೆ ಅಕ್ಕಿ ಆರಿಸುತ್ತ ಕುಳಿತಿದ್ದವಳು ಮೊರದ ಮೇಲೆ ನಾಲ್ಕು ಕಾಳುಗಳನ್ನು ನಾಲ್ಕು ಮೂಲೆಗಿಟ್ಟು, ಬೆರಳಿನಿಂದ ಅವುಗಳ ಸುತ್ತ ಒಂದು ಎಳೆಯನ್ನು ಬಳಸಿ ತೋರಿಸಿ, ‘ಇದು ಸಾಕಲ್ಲ?’ ಎಂದು ಕೇಳಿದಳು. ಸಾಕಾಗಿದ್ದಿತು. ಆದರೆ ನಾಲ್ಕು ಚುಕ್ಕಿಯ ರಂಗೋಲಿ ಕನ್ನಡನಾಡಿನ ಎಷ್ಟು ಹೊಸಿಲುಗಳಲ್ಲಿಲ್ಲ? ಇದೇ ಮನೆಯದೆಂದು ತಿಳಿಯಲು ಎಳೆಯಲ್ಲಿ ಒಂದು ಕಡೆ ಸಣ್ಣ ತೆರಪನ್ನು ಬಿಡೋಣವೆಂದು ನಾವು ಸೂಚಿಸಿದೆವು. ಎಳೆಯನ್ನು ಕೂಡಿಸದೆ ಬಿಡುವ ಪದ್ಧತಿ ತನ್ನ ತಾಯಿಯ ಮನೆಯಲ್ಲಿಲ್ಲವೆಂದು ಆಕೆ ನಿರಾಕರಿಸಿದಳು. ತುಸು ಹೊತ್ತಿನ ಮೇಲೆ, ‘ನಡುವೆ ಸ್ಥಳವಿದೆ. ಅಲ್ಲಿ ನಿಮ್ಮದೇನಾದರೂ ಇಡಿ’ ಎಂದಳು. ನಾವು ಅಲ್ಲಿ ಒಂದು ತಲೆಕಟ್ಟನ್ನು ಇಟ್ಟೆವು. ಯಾವ ಅಕ್ಷರವೂ ಇಲ್ಲದ ಬರಿಯ ತಲೆಕಟ್ಟು. ಮಕ್ಕಳ ಕೈಯಲ್ಲಿ ಅದನ್ನು ತಿದ್ದಿಸುತ್ತಲೇ ನಮ್ಮ ಆಯುಷ್ಯದ ಹೆಚ್ಚಿನ ಭಾಗವು ಕಳೆದಿರುವುದು.

ಇನ್ನು ಅಚ್ಚಿನ ಮಾತು. ಶಾಲೆಯ ಮಕ್ಕಳು ಬಳಸುವ ಅಳಿಸುವ ರಬ್ಬರಿನಲ್ಲಿಯೇ ಇದನ್ನು ಕೊರೆಯಬಹುದು. ಮುದ್ರೆಯಲ್ಲಿ ಎಲ್ಲವೂ ಎಡಬಲ ತಿರುಗಿರಬೇಕೆಂಬುದು ಮೊದಲ ಕಷ್ಟ. ಅದಕ್ಕೊಂದು ಸುಲಭೋಪಾಯವುಂಟು. ತೆಳುವಾದ ಕಾಗದದ ಮೇಲೆ ಮೆದುವಾದ ಸೀಸದಕಡ್ಡಿಯಿಂದ ಚಿತ್ರವನ್ನು ನೇರವಾಗಿಯೇ ಬರೆದು, ಕಾಗದವನ್ನು ರಬ್ಬರಿನ ಮೇಲೆ ಬೋರಲು ಹಾಕಿ, ಬೆನ್ನನ್ನು ಉಗುರಿನಿಂದ ಉಜ್ಜಿದರೆ ಚಿತ್ರವು ತಾನಾಗಿಯೇ ತಿರುಗಿ ಇಳಿಯುವುದು. ನಮ್ಮ ರಂಗೋಲಿ ಎರಡು ಕಡೆಯೂ ಒಂದೇ ಆದುದರಿಂದ ತಿರುಗಬೇಕಾದದ್ದು ತಲೆಕಟ್ಟೊಂದೇ. ಬಳಿಕ ಹರಿತವಾದ ಸಣ್ಣ ಅಲಗಿನಿಂದ ಗೆರೆಯ ಪಕ್ಕವನ್ನು ಕೊರೆದು ಉಳಿದುದನ್ನು ತಗ್ಗಿಸಬೇಕು. ಅಲಗನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿಯುವುದು ಅವಶ್ಯ. ಹಾಗಾದರೆ ಗೆರೆಯ ಬುಡವು ಅಗಲವಾಗಿ, ಒತ್ತಿದಾಗ ಬಾಗುವುದಿಲ್ಲ. ತಿರುವುಗಳಲ್ಲಿ ಅಲಗನ್ನು ತಿರುಗಿಸುವುದಕ್ಕಿಂತ ರಬ್ಬರನ್ನೇ ತಿರುಗಿಸುವುದು ಮೇಲು.

ಮಸಿಯ ವಿಷಯದಲ್ಲಿ ಮಿತವಿರಲಿ. ಮೊಹರನ್ನು ಮಸಿಯ ಮೆತ್ತೆಯ ಮೇಲೆ ಅದುಮದೆ ಮೆಲ್ಲಗೆ ತಟ್ಟಿದರೆ ಸಾಕು. ಕೈಕಾಗದದ ಮೈ ಒರಟು. ಕೆಳಗೆ ಹಳೆಯ ಪತ್ರಿಕೆಗಳನ್ನು ನಾಲ್ಕು ಪದರ ಹಾಸಿಕೊಂಡು ಒತ್ತಿದರೆ ಗುರುತು ಸಮನಾಗಿ ಏಳುವುದು. ನೀರಿನಂತಹ ಮಸಿಯು ಇಂತಹ ಕಾಗದದ ನಾರಿನಲ್ಲಿ ಹರಡಿ, ರಂಗೋಲಿಯನ್ನು ನಾವು ಮೊದಲು ಹೇಳಿದ ಚಂದ್ರನ ಲಾಂಛನವನ್ನಾಗಿ ಮಾಡಿಬಿಡುವುದು. ಅಂಕಿತದ ಸ್ಥಾನವು ಪತ್ರದ ಬೆನ್ನಿನಲ್ಲಿ, ಕೆಳಗಡೆ, ನಡುವೆ. ಮುಖಭಾಗದಲ್ಲಿ ಅಂಕಿತವನ್ನೊತ್ತಿ ಹಾರೈಕೆಗಿಂತ ಮೊದಲು ತನ್ನನ್ನು ನೋಡೆನ್ನುವ ಪತ್ರಗಳನ್ನೂ ಕಂಡಿದ್ದೇವೆ. ಅವುಗಳ ವಿಷಯವಾಗಿ ಹೆಚ್ಚು ಹೇಳುವುದಿಲ್ಲ. ಅಂಕಿತದ ಕೆಳಗೆ ವರ್ಷವನ್ನು ಮಾತ್ರ ಕೈಯಿಂದ ಬರೆಯುವೆವು.

ಈ ಸಂಕ್ರಾಂತಿಗೆ ಹೊರಟ ಅರುವತ್ತನಾಲ್ಕು ಪತ್ರಗಳಿಗೂ ಆಕೆಯೇ ಮುದ್ರೆಯನ್ನೊತ್ತಿದಳು. ಕಪಾಟಿನಲ್ಲಿ ಹಿಂದಿನ ವರ್ಷಗಳ ಹನ್ನೊಂದು ಪತ್ರಗಳು ಉಳಿದಿದ್ದುವು. ಅವುಗಳಿಗೂ ಒತ್ತಿಬಿಡೆಂದರೆ, ‘ಅವು ಹಾಗೆಯೇ ಇರಲಿ’ ಎಂದು ಕಟ್ಟಿ ಒಳಗಿಟ್ಟಳು. ಹಳೆಯ ವಿದ್ಯಾರ್ಥಿಗೆ ಹೋದ ಪತ್ರದಲ್ಲಿ ಅಂಕಿತದ ಅರ್ಥವನ್ನು ನಾವು ವಿವರಿಸಲಿಲ್ಲ. ನಡುವೆ ಇರುವುದು ಹಕ್ಕಿಯೋ ದೋಣಿಯೋ ಎಂದು ಅವರ ಮಕ್ಕಳು ದೂರವಾಣಿಯಲ್ಲಿ ಕೇಳಿದರು. ನಿಮ್ಮ ತಂದೆಯನ್ನು ಕೇಳಿ ಎಂದೆವು.

ರಬ್ಬರಿನ ಅಂಚು ಈಗಾಗಲೇ ತುಸು ಸವೆದಿದೆ. ಗಟ್ಟಿ ಮರದಲ್ಲಿ ಅದೇ ಅಚ್ಚನ್ನು ಕೊರೆದುಕೊಡಬೇಕೆಂದು ನಮ್ಮ ಬೀದಿಯ ಬಡಗಿಗೆ ಒಪ್ಪಿಸಿದ್ದೇವೆ. ಯುಗಾದಿಯ ವೇಳೆಗೆ ಕೊಡುವುದಾಗಿ ಹೇಳಿದ್ದಾನೆ. ಯಾವ ಸಂವತ್ಸರದ ಯುಗಾದಿಯೆಂದು ನಾವು ಕೇಳಲಿಲ್ಲ.