ಇನ್ನೂ ಒಂದು ಬಾಕಿ ಇದೆ ತಾತ

ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ‘ಬಾಕಿ’ ಎಂಬ ಪದ ಕೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಹೊಳೆನರಸೀಪುರದ ನಮ್ಮ ಮನೆಗೆ ಬಂದ ಮೊಮ್ಮಗ ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದ. “ಇನ್ನೂ ಒಂದು ಬಾಕಿ ಇದೆ ತಾತ.”

ಬಾಕಿ ಇದ್ದದ್ದು ಅವನ ಕಂಪ್ಯೂಟರಿನ ದೆವ್ವದ ಆಟದಲ್ಲಿ. ಒಂದು ಹಾಳು ಬಂಗಲೆ, ಕೈಯಲ್ಲೊಂದು ಟಾರ್ಚು, ಕೋಣೆಯಿಂದ ಕೋಣೆಗೆ ಅಟ್ಟಿಸಿಕೊಂಡು ಬರುವ ಬಿಳಿ ಸೀರೆಯ ಮುದುಕಿ. ಅಲ್ಲಿ ಮಾಡಬೇಕಾದ ಮೂವತ್ತು ಸಾಧನೆಗಳ ಪಟ್ಟಿ ಇದೆ. ಇಪ್ಪತ್ತೊಂಬತ್ತು ಮುಗಿದಿದ್ದವು. ಮೂವತ್ತನೆಯದರ ಜಾಗದಲ್ಲಿ ಬರೀ ಒಂದು ಬೀಗದ ಚಿತ್ರ. ಏನು ಮಾಡಿದರೆ ಆ ಬೀಗ ತೆರೆಯುತ್ತದೆ ಎಂಬುದನ್ನು ಆಟ ಹೇಳುವುದಿಲ್ಲ. ನನ್ನ ವಯಸ್ಸಿನ ಓದುಗರಿಗೆ ಹೇಳುವುದಾದರೆ, ಇದಕ್ಕೆ ಹುಡುಗರು ‘ಅಚೀವ್‌ಮೆಂಟ್’ ಎನ್ನುತ್ತಾರೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಪೆಟ್ಟಿಗೆ ಬಂದಾಗಿನಿಂದ ಈ ಪಟ್ಟಿ, ಅಂಕಗಳ ಲೆಕ್ಕ ಎಲ್ಲ ರೂಢಿಯಾಯಿತಂತೆ. ಅದರಲ್ಲಿ ಕೆಲವನ್ನು ಬೇಕೆಂದೇ ಬಚ್ಚಿಡುತ್ತಾರೆ. ಲೆಕ್ಕ ಸರಿಹೋಗದೆ ಒಂದೇ ಒಂದು ರೂಪಾಯಿಗೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಡಕಿದವನು ನಾನು. ಹುಡುಗನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಆದರೆ ಇನ್ನೊಂದು ತೊಂದರೆ ಇತ್ತು. ಹಗಲೆಲ್ಲ ದೆವ್ವದ ಬೆನ್ನು ಹತ್ತುವ ಈ ಹನ್ನೊಂದು ವರ್ಷದ ವೀರ, ರಾತ್ರಿಯಾದರೆ ಹಿತ್ತಲಿನ ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ. ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಮಾತಾಡುತ್ತಲೇ ಇರಬೇಕು; ಮಾತು ನಿಂತರೆ ಒಳಗಿನಿಂದ ಕೂಗು. ವಿಷಯ ತಿಳಿದ ಮಗಳು ಫೋನಿನಲ್ಲೇ ಗುಡುಗಿದಳು, “ಅಪ್ಪ, ಇವತ್ತೇ ಆ ಆಟ ತೆಗೆಸಿಹಾಕಿ.” ನಾನು ನಡುವೆ ಬಿದ್ದು ಒಂದು ಒಪ್ಪಂದ ಮಾಡಿಸಿದೆ. ಮೂರು ದಿನ ಹಗಲು ಹುಡುಗ ನನ್ನ ಜೊತೆ ತಿರುಗಬೇಕು, ಸಂಜೆ ಒಂದು ಗಂಟೆ ಮಾತ್ರ ಆಟ. ಅಷ್ಟರಲ್ಲಿ ಬೀಗ ತೆರೆಯದಿದ್ದರೆ ಆಟ ತೆಗೆದುಹಾಕುವುದು.

ಮೊದಲ ದಿನ ನಮ್ಮ ಹಳೇ ಮಾರುತಿ ಕಾರಿನಲ್ಲಿ ಹಾಸನ ದಾಟಿ ಬೇಲೂರು ರಸ್ತೆ ಹಿಡಿದೆವು. ಹಾಸನದಿಂದ ಹದಿನಾರು-ಹದಿನೇಳು ಕಿಲೋಮೀಟರಿಗೆ ದೊಡ್ಡಗದ್ದವಳ್ಳಿ. ಬೇಲೂರು, ಹಳೇಬೀಡಿಗೆ ಓಡುವ ಬಸ್ಸುಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆರೆಯ ಪಕ್ಕದಲ್ಲಿ ತೆಂಗಿನ ಮರಗಳ ನಡುವೆ ಲಕ್ಷ್ಮೀದೇವಿಯ ಗುಡಿ ಇದೆ. ರಾಜ ಕಟ್ಟಿಸಿದ್ದಲ್ಲ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು, 1113-14ರ ಸುಮಾರಿಗೆ. ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ಹಿರಿಯದು. ಒಂದೇ ಗುಡಿಯೊಳಗೆ ನಾಲ್ಕು ಗರ್ಭಗುಡಿಗಳು. ಅವುಗಳಲ್ಲೊಂದು ಕಾಳಿಯದು.

ಹೊರಗೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟ ಕೂಡಲೆ ಕಣ್ಣು ಕಟ್ಟಿದಂತಾಯಿತು. ಹುಡುಗ ಫೋನಿನ ಟಾರ್ಚ್ ಹಾಕಲು ಹೋದ. “ಬೇಡ ಕಣೋ, ಸುಮ್ಮನೆ ನಿಂತ್ಕೋ” ಎಂದೆ. ಕತ್ತಲೆಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಸಮಯ ಬೇಕು. ಮಂದ ಬೆಳಕಿನಲ್ಲಿ ನೋಡುವ ಜೀವಕೋಶಗಳು ಬೇರೆಯೇ ಇವೆ. ಅವು ಪೂರ್ತಿ ಎಚ್ಚರಗೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಟಾರ್ಚಿನ ಬೆಳಕು ಒಂದು ಸಲ ಕಣ್ಣಿಗೆ ಬಡಿದರೆ ಮತ್ತೆ ಮೊದಲಿನಿಂದ ಶುರು.

ಐದು ನಿಮಿಷ ಕಳೆಯುವಷ್ಟರಲ್ಲಿ ಕಂಬಗಳು ಕಂಡವು. ಆಮೇಲೆ ಚಾವಣಿ. ಆಮೇಲೆ, ಕಾಳಿಯ ಬಾಗಿಲ ಎರಡೂ ಕಡೆ ಏನೋ ನಿಂತಿರುವುದು ನಿಧಾನವಾಗಿ ಗೋಚರಿಸತೊಡಗಿತು. ಬೇತಾಳಗಳು! ಸುಮಾರು ಮನುಷ್ಯನ ಎತ್ತರ, ಎಲುಬು ಎದ್ದ ಮೈ, ಮೇಲೆ ಬಟ್ಟೆಯ ಚೂರಿಲ್ಲ. ಹುಡುಗನ ಕೈ ನನ್ನ ಕಿರುಬೆರಳನ್ನು ಹಿಡಿದದ್ದು ಗೊತ್ತಾಯಿತು. ಆದರೆ ಓಡಲಿಲ್ಲ. “ಇವು ಯಾಕೆ ಇಲ್ಲಿ?” ಎಂದು ಪಿಸುಗುಟ್ಟಿದ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಒಬ್ಬ ನಿಂತಿರುತ್ತಾನಲ್ಲ, ಹಾಗೆ ಎಂದೆ. ಅವನು ನಿಂತಿರುವುದು ಕಳ್ಳನಿಗಾಗಿ, ಪಾಸ್‌ಬುಕ್ ಹಿಡಿದು ಬಂದವರು ಯಾಕೆ ಹೆದರಬೇಕು? ಹುಡುಗ ಒಂದೊಂದು ಬೇತಾಳದ ಎದುರೂ ನಿಂತು ಪಕ್ಕೆಲುಬು ಎಣಿಸಿದ. ಒಂಬೈನೂರು ವರ್ಷದಿಂದ ಒಂದು ಹೆಜ್ಜೆಯೂ ಕದಲದೆ ಹೆದರಿಸುತ್ತಿರುವ ಕೆಲಸ ಇದು. ಕಿರುಚಾಟವಿಲ್ಲ, ರಕ್ತವಿಲ್ಲ. ನನಗಂತೂ ಕಂಪ್ಯೂಟರಿನ ಮುದುಕಿಗಿಂತ ಇವೇ ಮೇಲೆನಿಸಿತು.

ಸಂಜೆ ಆಟಕ್ಕೆ ಕೂತವನು ಸ್ವಲ್ಪ ಹೊತ್ತು ಏನೂ ಮಾಡದೆ ಯೋಚಿಸಿದ. ಬಂಗಲೆಯ ನಡುಮನೆಗೆ ಹೋದ. ಅಲ್ಲಿ ಯಾವಾಗಲೂ ಮುದುಕಿ ಮೇಲೆ ಬೀಳುತ್ತಿದ್ದಳು, ಇವನು ಟಾರ್ಚು ಬೀಸಿ ಓಡುತ್ತಿದ್ದ. ಈ ಸಲ ಟಾರ್ಚು ಆರಿಸಿದ. ಪರದೆ ಪೂರ್ತಿ ಕಪ್ಪಾಯಿತು. “ಕೆಟ್ಟೋಯ್ತೇನೋ?” ಎಂದೆ. “ಶ್!” ಎಂದ. ಅಡುಗೆಮನೆಯಿಂದ ಅಜ್ಜಿಯೂ ಬಂದು ನಿಂತಳು. ಎರಡು ನಿಮಿಷ, ಮೂರು ನಿಮಿಷ. ಕಪ್ಪಿನೊಳಗೆ ಮೆಲ್ಲಗೆ ಒಂದು ಗೋಡೆ ಕಂಡಿತು, ಗೋಡೆಯ ಮೇಲೆ ಸಾಲಾಗಿ ಮನೆಮಂದಿಯ ಫೋಟೋಗಳು. ಮುದುಕಿ ಬಂದಳು. ಇವನ ಪಕ್ಕದಲ್ಲೇ ಹಾದುಹೋಗಿ ಫೋಟೋಗಳ ಕೆಳಗಿದ್ದ ಕುರ್ಚಿಯಲ್ಲಿ ಕೂತಳು. ಅಷ್ಟೆ. ಟಿಣ್ ಎಂದು ಸದ್ದಾಯಿತು, ಬೀಗ ತೆರೆಯಿತು. ಆ ಸಾಧನೆಯ ಹೆಸರು ‘ಅತಿಥಿ’.

“ಪಾಪ, ಅವಳ ಮನೇನೇ ಅದು!” ಎಂದಳು ನನ್ನ ಹೆಂಡತಿ. ಹುಡುಗ ಅರ್ಧ ಗಂಟೆ ಕುಣಿದ. ಬೆಂಗಳೂರಿಗೆ ಫೋನು ಹೋಯಿತು. ಆಮೇಲೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿ ಸಪ್ಪಗೆ ಕೂತ. ಬಾಕಿ ಏನೂ ಇರಲಿಲ್ಲ. ಆ ರಾತ್ರಿ ಅಜ್ಜಿ ಬಚ್ಚಲ ಬಾಗಿಲಿಗೆ ಹೋಗಬೇಕಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತರೆ ಸಾಕೆಂದ. ಮಾತು ಮಾತ್ರ ನಿಲ್ಲಬಾರದು!

ಎರಡನೆಯ ದಿನ ಚನ್ನರಾಯಪಟ್ಟಣ. ಶ್ರವಣಬೆಳಗೊಳದ ಬೆಟ್ಟವನ್ನು ಕೆಳಗಿನಿಂದಲೇ ನೋಡಿದೆವು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಹತ್ತಲು ನನ್ನ ಮಂಡಿ ಒಪ್ಪಲಿಲ್ಲ. 58 ಅಡಿಯ ಗೊಮ್ಮಟನನ್ನು ನೋಡಲು ಲೋಕವೇ ಬರುತ್ತದೆ. ನಾನು ತೋರಿಸಬೇಕೆಂದಿದ್ದದ್ದು ಅಂಗೈ ಅಗಲದ ಒಂದು ವಸ್ತುವನ್ನು. ಪಟ್ಟಣದಿಂದ ತಿಪಟೂರು ರಸ್ತೆಯಲ್ಲಿ ಹೋದರೆ ನುಗ್ಗೇಹಳ್ಳಿ ಸಿಗುತ್ತದೆ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ.

ದಾರಿಯಲ್ಲಿ ಹುಡುಗನೇ ಒಂದು ಕಥೆ ಹೇಳಿದ. ಅಟಾರಿ ಎಂಬ ಅಮೆರಿಕದ ಕಂಪನಿ ಆಟ ಬರೆದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬಾತ 1980ರಲ್ಲಿ ಬಂದ ‘ಅಡ್ವೆಂಚರ್’ ಆಟದೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರು ಬರೆದಿಟ್ಟ. ಆ ಕೋಣೆಗೆ ಹೋಗಲು ಕಣ್ಣಿಗೇ ಬೀಳದಷ್ಟು ಸಣ್ಣ ಚುಕ್ಕೆಯೊಂದನ್ನು ಹುಡುಕಿ ಹೊತ್ತೊಯ್ಯಬೇಕಿತ್ತು. ಕೊನೆಗೆ ಒಬ್ಬ ಹುಡುಗ ಅದನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆದ. ಆಟಗಳಲ್ಲಿ ಗುಟ್ಟು ಬಚ್ಚಿಡುವ ಚಾಳಿ ಜನಪ್ರಿಯವಾದದ್ದು ಅಲ್ಲಿಂದ.

“ನಮ್ಮೋರು ಅದಕ್ಕಿಂತ ಏಳು ನೂರು ವರ್ಷ ಮೊದಲೇ ಮಾಡಿದ್ದಾರೆ, ಬಾ” ಎಂದು ಗುಡಿಯ ಹೊರಗೋಡೆಯ ಸುತ್ತ ಬಿಟ್ಟೆ. ಮೂರ್ತಿಗಳ ಪಾದದ ಕೆಳಗೆ ನೋಡು ಎಂದಷ್ಟೇ ಸುಳಿವು. ಮುಕ್ಕಾಲು ಗಂಟೆ ಹಿಡಿಯಿತು. ಉತ್ತರದ ಗೋಡೆಯ ಹತ್ತಿರ ಕೂಗು ಕೇಳಿಸಿತು, “ತಾತ, ಇಲ್ಲಿ ಅಕ್ಷರ ಇದೆ! ‘ಮ’ ಥರ ಇದೆ!” ಪೀಠದ ಮೇಲೆ ಹಳೆಯ ಕನ್ನಡ ಲಿಪಿಯಲ್ಲಿ ಕೊರೆದ ಶಿಲ್ಪಿಯ ಹೆಸರು, ಮಲ್ಲಿತಮ್ಮ. ಹೊಯ್ಸಳ ಶಿಲ್ಪಿಗಳು ಕದ್ದುಮುಚ್ಚಿ ಹೆಸರು ಹಾಕಬೇಕಿರಲಿಲ್ಲ, ರಾಜಾರೋಷವಾಗಿಯೇ ಹಾಕಿದರು. ನೋಡುವವರ ಕಣ್ಣು ಅಷ್ಟು ಕೆಳಗೆ ಬಗ್ಗುವುದಿಲ್ಲ, ಅಷ್ಟೆ. ಈ ಗುಡಿಯ ಉತ್ತರ ಭಾಗ ಮಲ್ಲಿತಮ್ಮನದು, ದಕ್ಷಿಣ ಭಾಗ ನಂದಿಯ ಬೈಚೋಜನದು. ಎರಡೂ ಕಡೆ ತಿರುಗಿ ನೋಡಿದರೆ ಕೈಬರಹ ಬೇರೆ ಎಂದು ಮಕ್ಕಳಿಗೂ ತಿಳಿಯುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲೂ ಇದೆ, ಅಷ್ಟು ವರ್ಷಗಳ ನಂತರದ ಸೋಮನಾಥಪುರದಲ್ಲೂ ಇದೆ. ನಮ್ಮನ್ನು ಅರವತ್ತಕ್ಕೇ ಹಾರ ಹಾಕಿ ಮನೆಗೆ ಕಳಿಸಿದರು. ಆತನ ಸೇವಾವಧಿಯೇ ಅರವತ್ತು ದಾಟುತ್ತದೆ!

ಮೂರನೆಯ ದಿನ ಅರಕಲಗೂಡು ತಾಲ್ಲೂಕು. ರಾಮನಾಥಪುರದ ಕಾವೇರಿಯಲ್ಲಿ ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಕಡ್ಲೆಪುರಿ ಹಾಕಿದೆವು. ಅಲ್ಲಿ ಮೀನು ಹಿಡಿಯುವಂತಿಲ್ಲ, ಹಾಗಾಗಿ ಅವು ತೊಡೆ ಗಾತ್ರ ಬೆಳೆದಿವೆ. ಕೊಣನೂರಿನ ತೂಗುಸೇತುವೆಯ ಮೇಲೆ ಹುಡುಗ ಓಡಿದ, ನಾನು ತಂತಿ ಹಿಡಿದು ನಡೆದೆ. ಬಿಸಿಲು ಇಳಿಯುವ ಹೊತ್ತಿಗೆ ಅರಕಲಗೂಡಿನಿಂದ ಗೊರೂರು ದಾರಿಯಾಗಿ ಶೆಟ್ಟಿಹಳ್ಳಿಗೆ ಬಂದೆವು.

ಗೊರೂರು ಎಂದರೆ ನಮ್ಮ ತಲೆಮಾರಿಗೆ ರಾಮಸ್ವಾಮಿ ಅಯ್ಯಂಗಾರರು. ಈಗಿನವರಿಗೆ ಹೇಮಾವತಿ ಅಣೆಕಟ್ಟು. 1979ರಲ್ಲಿ ಅದು ಮುಗಿದು ನೀರು ನಿಂತಾಗ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೊಳಗೆ, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನ ಬಯಲಿನ ಮೇಲೆ. ಚಾವಣಿ ಇಲ್ಲ, ಕಮಾನುಗಳು ಆಕಾಶಕ್ಕೆ ತೆರೆದಿವೆ, ಒಂದಷ್ಟು ಗೋಡೆ ಬಿದ್ದಿದೆ. ಮಕ್ಕಳನ್ನು ಕರೆದೊಯ್ಯುವವರು ದಯವಿಟ್ಟು ಕಮಾನುಗಳ ಕೆಳಗೆ ನಿಲ್ಲಿಸಬೇಡಿ. ದೂರದಿಂದ ಸುತ್ತು ಹಾಕಿದರೂ ನೋಡುವುದು ಬೇಕಾದಷ್ಟಿದೆ. ಡಿಸೆಂಬರಿನಿಂದ ಮೇವರೆಗೆ ಒಳ್ಳೆಯ ಕಾಲ. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು.

“ತಾತ, ಥೇಟ್ ಆಟದ ಥರಾನೇ ಇದೆ. ಇಲ್ಲಿ ದೆವ್ವ ಇದೆಯಾ?” ಎಂದ ಹುಡುಗ. ಫೋಟೋ ತೆಗೆಯಲು ಬಂದಿದ್ದ ಕಾಲೇಜಿನ ಹುಡುಗರೂ ಅದನ್ನೇ ಮಾತಾಡುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. “ಜನ ಇದ್ರು ಕಣೋ” ಎಂದೆ.

ಎಪ್ಪತ್ತರ ದಶಕದ ಕೊನೆಗೆ ನಾನು ಈ ಕಡೆಯ ಒಂದು ಶಾಖೆಯಲ್ಲಿ ಹೊಸ ಗುಮಾಸ್ತ. ಮುಳುಗಡೆಯಾದ ಊರುಗಳವರು ಪರಿಹಾರದ ಚೆಕ್ ಹಿಡಿದು ಖಾತೆ ತೆರೆಯಲು ಬರುತ್ತಿದ್ದರು. ಬಹಳ ಮಂದಿಯದು ಹೆಬ್ಬೆಟ್ಟು. ಅರ್ಜಿಯಲ್ಲಿ ವಿಳಾಸ ಎಂಬ ಕಾಲಂ ಬಂದಾಗ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಒಬ್ಬ ಮುದುಕಿ ಕೇಳಿದ್ದಳು, “ನೀರೊಳಗಿರೋ ಊರಿನ ಹೆಸ್ರು ಬರ್ಕೊಂಡ್ರೆ ದುಡ್ಡು ಬರಲ್ವಾ ಸ್ವಾಮಿ?”

ನಾನು ಹೇಳುತ್ತಿದ್ದಂತೆಯೇ ಹುಡುಗ ಮುಂದೆ ಹೋಗಿ ಏನನ್ನೋ ಎಡವಿದ. ಕೆಸರಿನಲ್ಲಿ ಅರ್ಧ ಹೂತ ಒರಳುಕಲ್ಲು. ಸುತ್ತ ನೋಡಿದರೆ ಕಲ್ಲಿನ ಸಾಲು ಕಂಡಿತು, ಯಾರದ್ದೋ ಮನೆಯ ತಳಪಾಯ. ಕಾಲೇಜಿನ ಹುಡುಗರು ಅದರ ಮೇಲೆಯೇ ಓಡಾಡಿದ್ದರು. ಮೊಮ್ಮಗ ಚಪ್ಪಲಿ ಬಿಟ್ಟು, ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಒರಳಿನ ಗುಂಡಿಯ ಮಣ್ಣು ಕೆದಕತೊಡಗಿದ.

“ಆ ಅಜ್ಜಿಗೆ ಏನಂತ ಬರ್ಕೊಟ್ರಿ ತಾತ?”

“ಅರ್ಜಿಯಲ್ಲಿ ಹೊಸ ಊರು. ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ, ಮೂಲೇಲಿ, ಹಳೇ ಊರಿನ ಹೆಸರು. ಸಣ್ಣಕ್ಷರದಲ್ಲಿ.”

“ಅವರಿಗೆ ಓದೋಕೆ ಬರ್ತಿರಲಿಲ್ಲ ಅಲ್ವಾ?”

“ಬರ್ತಿರಲಿಲ್ಲ. ಎಲ್ಲಿ ಬರೆದಿದೆ ಅಂತ ಬೆರಳಿಟ್ಟು ತೋರಿಸು ಅಂದ್ರು. ತೋರಿಸಿದೆ.”

“ಅದು ಈಗ ಎಲ್ಲಿರತ್ತೆ?”

“ಯಾರದ್ದಾದ್ರೂ ಟ್ರಂಕಲ್ಲಿ ಇರಬೋದು ಕಣೋ.”

ಅವನು ಒರಳಿನ ಮಣ್ಣು ತೆಗೆಯುತ್ತಲೇ ಇದ್ದ. ತಳ ಸಿಗಲು ಇನ್ನೂ ಒಂದು ಗೇಣು ಇತ್ತು.