ಎರಡು ಪುಟದ ಅರ್ಜಿ

ಕಳೆದ ಮಾರ್ಚ್‌ನಲ್ಲಿ ನಮ್ಮ ಹೊಲದ ಹತ್ತಿರದ ಟಿ.ಸಿ. ಸುಟ್ಟುಹೋಯಿತು. ಸಾಲ ಮಾಡಿ ಬಿತ್ತನೆ ಶುಂಠಿ ತಂದು ನಾಟಿ ಮಾಡಿ 15 ದಿನವೂ ಆಗಿರಲಿಲ್ಲ. ಮೋಟಾರು ಓಡದೆ ಮಡಿಯ ಮಣ್ಣು ಕಾವಲಿಯ ಹಾಗೆ ಕಾಯುತ್ತಿತ್ತು. ದೊಡ್ಡಪ್ಪ ಬಂದು, "ಮಗಾ, ಕರೆಂಟ್ ಆಫೀಸಿಗೆ ಒಂದು ಅರ್ಜಿ ಬರ್ಕೊಡು. ಇಂಗ್ಲಿಷ್‌ನಾಗೇ ಬರಿ, ಸಾಹೇಬ್ರು ಬೇಗ ನೋಡ್ತಾರೆ" ಅಂದರು.

ಸ್ನೇಹಿತರೇ, ನನಗೆ ಆಗ ಎಲ್ಲಿಲ್ಲದ ಹೆಮ್ಮೆ. ರಾತ್ರಿ ಕೂತು ಎರಡು ಪುಟ ತುಂಬಿಸಿದೆ. ದೊಡ್ಡಪ್ಪ ಓದಲು ಬಾರದಿದ್ದರೂ ಉದ್ದ ನೋಡಿಯೇ ಖುಷಿಪಟ್ಟು, ಮಡಚಿ ಜೇಬಿಗಿಟ್ಟುಕೊಂಡು ಹೋಗಿ ಕೊಟ್ಟು ಬಂದರು. ನಾಲ್ಕು ದಿನ ಕಳೆದರೂ ಯಾರೂ ಬರಲಿಲ್ಲ. ಐದನೇ ದಿನ ದೊಡ್ಡಪ್ಪನೇ ಹೋಗಿ ಕೇಳಿದರೆ, ಅಲ್ಲಿದ್ದವರು ಅರ್ಜಿ ತಿರುವಿ ಹಾಕಿ, "ಎಲ್ಲಾ ಸರಿ ಕಣಪ್ಪ, ಯಾವ ಟಿ.ಸಿ. ಅಂತ ಎಲ್ಲಿ ಬರ್ದಿದೀರ? ಆರ್.ಆರ್. ನಂಬರ್ ಎಲ್ಲಿ?" ಎಂದು ಕೇಳಿದರಂತೆ. ನಮ್ಮೂರಲ್ಲಿ ಮೂರು ಟಿ.ಸಿ. ಇವೆ. ನಾನು 'ಅವರ್ ಟಿ.ಸಿ.' ಎಂದಷ್ಟೇ ಬರೆದಿದ್ದೆ!

ಆ ಅರ್ಜಿಯನ್ನು ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಪೆನ್ಸಿಲ್ ತಗೊಂಡು ಹೊಡೆಯುತ್ತಾ ಹೋದರು. 'ವಿ ಹಂಬ್ಲಿ ಅಂಡ್ ಕೈಂಡ್ಲಿ ರಿಕ್ವೆಸ್ಟ್ ಯೂ ಟು ಪ್ಲೀಸ್' ಎಂದಿತ್ತು. "ಎಷ್ಟು ಸಲ ಕೈ ಮುಗೀತೀಯೋ? ಒಂದು ಪ್ಲೀಸ್ ಸಾಕು" ಅಂದರು. 'ಅರ್ಲಿ ಮಾರ್ನಿಂಗ್ 5 ಎ.ಎಂ.' ಎಂದಿತ್ತು. ಎ.ಎಂ. ಅಂದರೇನೇ ಮಧ್ಯಾಹ್ನಕ್ಕೆ ಮುಂಚೆ, ಹಾಗಾಗಿ ಮಾರ್ನಿಂಗ್ ಹೋಯಿತು. 'ರಿಟರ್ನ್ ಬ್ಯಾಕ್' ಎಂಬಲ್ಲಿ ಬ್ಯಾಕ್ ಹೋಯಿತು, 'ರಿಪೀಟ್ ಅಗೇನ್' ಎಂಬಲ್ಲಿ ಅಗೇನ್ ಹೋಯಿತು. 'ದಿ ರೀಸನ್ ಈಸ್ ಬಿಕಾಸ್' ಎಂಬುದರಲ್ಲಿ ಬಿಕಾಸ್ ಒಂದೇ ಉಳಿಯಿತು. ಕೊನೆಗೆ ಎರಡು ಪುಟದಲ್ಲಿ ಮೂರು ಸಾಲು ಮಿಕ್ಕವು. ಆ ಮೂರು ಸಾಲು ನೋಡಿದಾಗಲೇ ಅದರಲ್ಲಿ ಏನು ಇಲ್ಲ ಅಂತ ನನಗೂ ಕಂಡಿದ್ದು. ಉಳಿದ ಮಾತಿನ ಪೊದೆಯೊಳಗೆ ಅದು ಕಾಣುತ್ತಲೇ ಇರಲಿಲ್ಲ.

ನಾನು ಸುಮ್ಮನಿರದೆ, "ಸಾರ್, ನಾವು ಕನ್ನಡದಲ್ಲಿ ಮನೆಮಠ, ಬಟ್ಟೆಬರೆ, ಕಾಫಿಗೀಫಿ ಅಂತ ಜೋಡಿ ಮಾಡೇ ಮಾತಾಡ್ತೀವಲ್ಲ" ಅಂದೆ. "ಕಾಫಿಗೀಫಿ ಅಂದ್ರೆ ಕಾಫಿ ಜೊತೆ ಇನ್ನೇನಾದ್ರೂ ಅಂತ ಅರ್ಥ ಬಂತು. ಬ್ಯಾಕ್‌ನಿಂದ ಏನು ಬಂತು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ 'ಕಸಿನ್ ಬ್ರದರ್' ವಿಷಯದಲ್ಲಿ ನಾನು ಈಗಲೂ ಸೋತಿಲ್ಲ. ಬರೀ ಕಸಿನ್ ಅಂದರೆ ಗಂಡೋ ಹೆಣ್ಣೋ ಹೇಗೆ ಗೊತ್ತಾಗಬೇಕು? ಅದಕ್ಕೆ ಮೇಷ್ಟ್ರು ನಕ್ಕರು ಅಷ್ಟೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ. ಪಟ್ಟಣ ಅಂದರೆ ಟೌನು, ಪುರ ಅಂದರೂ ಊರೇ. ಹಾಗಾದರೆ ಚನ್ನರಾಯಪಟ್ಟಣ ಟೌನ್, ಹೊಳೆನರಸೀಪುರ ಟೌನ್ ಅಂತ ಬರೆಯುವುದು ತಪ್ಪಲ್ಲವೇ? "ಅದು ಹೆಸರಾಗಿ ಗಟ್ಟಿಯಾಗೋಗಿದೆ. ಹೆಸರನ್ನ ಯಾರೂ ಬಿಡಿಸಿ ಓದಲ್ಲ" ಎಂದರು. ಅವರು ದಿನಾ ಹೊಳೆನರಸೀಪುರದಿಂದಲೇ ಬರುವವರು, ಅದಕ್ಕೇ ಬಿಟ್ಟುಕೊಡಲಿಲ್ಲವೋ ಏನೋ!

ಮನೆಯಲ್ಲಿ ಇದನ್ನೆಲ್ಲಾ ಹೇಳಿದಾಗ ತಾತ ಟೆಲಿಗ್ರಾಮಿನ ಕಥೆ ತೆಗೆದರು. ಅದು 2013ರ ಜುಲೈನಲ್ಲಿ ನಿಂತುಹೋಗಿದೆ, ನಾವ್ಯಾರೂ ಕಂಡಿಲ್ಲ. ಅದರಲ್ಲಿ ಪದಗಳನ್ನು ಎಣಿಸಿ ದುಡ್ಡು ತಗೊಳ್ಳುತ್ತಿದ್ದರಂತೆ. ತಾತ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅರಕಲಗೂಡಿನಿಂದ ಹೋದದ್ದು 'ಫಾದರ್ ಸೀರಿಯಸ್ ಸ್ಟಾರ್ಟ್' ಎಂಬ ಮೂರೇ ಪದ. "ಅಷ್ಟಕ್ಕೇ ನನ್ನ ಕೈಕಾಲು ಬಿದ್ದೋಯ್ತು. ಹಾಸನದ ಬಸ್ಸು ಹತ್ತಿದ್ದೇ ಗೊತ್ತಾಗ್ಲಿಲ್ಲ" ಅಂದರು.

ಮಾರನೇ ದಿನ ಹೊಸ ಅರ್ಜಿ ಬರೆದೆ. ಕೆರೆ ಏರಿ ಪಕ್ಕದ ಟಿ.ಸಿ. ಸುಟ್ಟಿದೆ, ಇಂಥ ದಿನ ಸುಟ್ಟಿತು, ಆರ್.ಆರ್. ನಂಬರ್ ಇದು, ದಯವಿಟ್ಟು ಬದಲಾಯಿಸಿ ಎಂಬ ನಾಲ್ಕೇ ಸಾಲು. ಮೂರನೇ ದಿನಕ್ಕೆ ಟಿ.ಸಿ. ಬಂತು. ಅಷ್ಟರಲ್ಲಿ ಮೇಲುಗಡೆಯ ಐದಾರು ಮಡಿಯ ಶುಂಠಿ ಹುಟ್ಟಲೇ ಇಲ್ಲ. ದೊಡ್ಡಪ್ಪ ಅದಕ್ಕೆ ನನ್ನನ್ನು ಏನೂ ಅನ್ನಲಿಲ್ಲ. ಹೊಸ ಅರ್ಜಿಯನ್ನು ಕೈಗೆ ಕೊಟ್ಟ ದಿನ ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇನಾ ಮಗಾ? ಈ ಸಲ ಕಾಗದ ಸಾಲ್ದೇ ಹೋಯ್ತಾ?" ಎಂದು ಕೇಳಿದ್ದರು.